ಗುಬ್ಬಿಯ ಮೂರನೆಯ ಗೇಟು

ನವೆಂಬರ್ 4, ಸೋಮವಾರ

ಸಭಿಕರೇ, ಮುಂದಿನ ಸಾಲಿನ ಮಹನೀಯರೇ, ಹಿಂದೆ ನೆಲದ ಮೇಲೆ ಕಾಲು ಚಾಚಿ ಕೂತ ಮಹಾಜನರೇ, ಕಂಬಕ್ಕೆ ಒರಗಿ ಆಗಲೇ ತೂಕಡಿಸುತ್ತಿರುವ ರಸಿಕರೇ, ಅಳುವ ಕೂಸನ್ನು ಸಮಾಧಾನ ಮಾಡುತ್ತಿರುವ ತಾಯಂದಿರೇ, ಎಲ್ಲರೂ ಕಿವಿಗೊಡಿ. ಪರದೆ ಏಳುತ್ತಿದೆ. ರಂಗದ ಮೇಲೆ ಒಂದು ಮೇಜು, ಒಂದು ಕುರ್ಚಿ, ಇನ್ನೂರು ಪುಟದ ಒಂದು ನೋಟ್‌ಬುಕ್ಕು. ಕುರ್ಚಿಯಲ್ಲಿ ಕೂತವನು ನಾನು. ಮೂವತ್ತೊಂದು ವರ್ಷ ರೇಸ್ ಕೋರ್ಸಿನ ಗೋಪುರದ ಮೇಲೆ ನಿಂತು, ಹದಿನಾರು ಲೌಡ್‌ಸ್ಪೀಕರುಗಳಲ್ಲಿ, ಯಾವ ಕುದುರೆ ಮುಂದೆ ಯಾವ ಕುದುರೆ ಹಿಂದೆ ಎಂದು ಊರಿಗೆಲ್ಲ ಸಾರಿದವನು. ಆ ಕಂಠಕ್ಕೆ ಇಂದು ಬೀಗ ಬಿದ್ದಿದೆ.

ಈ ಸಭೆಯಲ್ಲಿ ಯಾರೂ ಇಲ್ಲವೆಂದು ನನಗೆ ಗೊತ್ತು. ಈ ಪುಸ್ತಕವನ್ನು ನಾನಲ್ಲದೆ ಇನ್ನೊಬ್ಬರು ಓದುವುದೂ ಇಲ್ಲ. ಆದರೆ ಎದುರಿಗೆ ಜನ ಇದ್ದಾರೆ ಎಂದುಕೊಳ್ಳದೆ ನನಗೆ ಒಂದು ವಾಕ್ಯವೂ ಹುಟ್ಟುವುದಿಲ್ಲ. ನಾಟಕ ಕಂಪನಿಯ ಪೆಟ್ಟಿಗೆಗಳ ನಡುವೆ ಬೆಳೆದವನ ಹಣೆಬರಹ ಅದು.

ನಡೆದದ್ದು ಇಷ್ಟು. ಶನಿವಾರ ನಾಲ್ಕನೇ ರೇಸಿನಲ್ಲಿ, ‘ಇದೋ ಕೊನೆಯ ತಿರುವು’ ಎನ್ನಲು ಬಾಯಿ ತೆರೆದರೆ ಎಣ್ಣೆ ಕಾಣದ ಬಾಗಿಲಿನ ಕಿರಕಿರ ಹೊರಟಿತು. ಇವತ್ತು ಗಂಟಲಿನ ಡಾಕ್ಟರಮ್ಮ ಮೂಗಿನಲ್ಲಿ ದಾರದಂಥ ಕ್ಯಾಮೆರಾ ಇಳಿಸಿ ನೋಡಿದರು.

“ಒಳಗೆ ಗಂಟು ಬಂದಿದೆ. ಒಂದು ತಿಂಗಳು ಮಾತಾಡಬಾರದು.”

“ಹಾಗಾದ್ರೆ ಮೆಲ್ಲಗೆ...” ಎಂದೆ ಪಿಸುದನಿಯಲ್ಲಿ.

“ಪಿಸುಮಾತು ಇನ್ನೂ ಕೆಟ್ಟದ್ದು. ಕೆಮ್ಮೋದಾದ್ರೂ ಯೋಚನೆ ಮಾಡಿ ಕೆಮ್ಮಿ. ಡಿಸೆಂಬರ್ ಆರಕ್ಕೆ ಬನ್ನಿ.”

ಪಕ್ಕದಲ್ಲಿ ಕೂತಿದ್ದ ನಮ್ಮ ಮನೆಯಾಕೆ, “ಡಾಕ್ಟ್ರೇ, ಇದನ್ನ ಒಂದು ಹಾಳೆ ಮೇಲೆ ಬರೆದುಕೊಡ್ತೀರಾ? ಅಡುಗೆಮನೆ ಗೋಡೆಗೆ ಅಂಟಿಸ್ತೀನಿ” ಎಂದಳು. ಡಾಕ್ಟರಮ್ಮ ನಕ್ಕರು. ನನಗೆ ನಗುವುದಕ್ಕೂ ಅಪ್ಪಣೆ ಇರಲಿಲ್ಲ.

ಗಂಟಲಿಗಿಂತ ದೊಡ್ಡ ದುಃಖ ಬೇರೆ ಇದೆ, ಮಹಾಜನರೇ. ಅದೇ ಶನಿವಾರ ಎರಡನೇ ರೇಸಿನಲ್ಲಿ ನನ್ನ ಮುದ್ದಿನ ಕುದುರೆ ಗುಬ್ಬಿ ಮತ್ತೆ ಗೇಟಿಗೆ ಹೋಗಲಿಲ್ಲ. ಗೇಟು ಎಂದರೆ ಓಟ ಶುರುವಾಗುವ ಕಬ್ಬಿಣದ ಸಾಲು; ಒಂದೊಂದು ಕುದುರೆಗೆ ಒಂದೊಂದು ಇಕ್ಕಟ್ಟಿನ ಕೋಣೆ. ಒಳಗೆ ಹೋಗಿ ನಿಂತರೆ ತಾನೇ ಬಾಗಿಲು ತೆರೆಯುವುದು, ಓಡುವುದು? ಅವಳು ಹತ್ತು ಹೆಜ್ಜೆ ದೂರದಲ್ಲೇ ನಾಲ್ಕು ಕಾಲನ್ನೂ ನೆಲಕ್ಕೆ ಊರಿದಳು. ಎಳೆದರು, ತಳ್ಳಿದರು, ಕಣ್ಣಿಗೆ ಬಟ್ಟೆ ಕಟ್ಟಿ ಸುತ್ತು ಹಾಕಿಸಿದರು. ಊಹೂಂ. ಅಕ್ಟೋಬರಿನಲ್ಲಿ ಒಂದು ಸಲ, ಈಗ ಎರಡನೇ ಸಲ. ಮೂರನೇ ಸಲವೂ ನಿಂತುಬಿಟ್ಟರೆ ಪಟ್ಟಿಯಿಂದ ಹೆಸರು ಹೊಡೆದುಹಾಕುತ್ತಾರೆ. ಆಮೇಲೆ ಅವಳು ಯಾವ ಊರಿನ ಯಾವ ಗಾಡಿಗೋ.

ಆ ಮೂರನೇ ಸಲ ಬರುವುದು ಡಿಸೆಂಬರ್ ಏಳಕ್ಕೆ.

ನವೆಂಬರ್ 5, ಮಂಗಳವಾರ

ಮನೆಯಲ್ಲಿ ಶಾಸನ ಜಾರಿಯಾಗಿದೆ. ಒಂದು ಚಪ್ಪಾಳೆ ಎಂದರೆ ಹೌದು. ಎರಡು ಎಂದರೆ ಇಲ್ಲ. ಅದಕ್ಕಿಂತ ಹೆಚ್ಚಿನದ್ದಕ್ಕೆ ಒಂದು ಸ್ಲೇಟು. ಬೆಳಿಗ್ಗೆ ಟೀ ಬೇಕು ಎನ್ನುವುದನ್ನು ನಾನು ಸ್ಲೇಟಿನ ಎರಡೂ ಬದಿಯಲ್ಲಿ ಬರೆದೆ. ಮನೆಯಾಕೆ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು.

“ಇಷ್ಟು ಬರೆಯೋ ಹೊತ್ತಿಗೆ ನೀವೇ ಟೀ ಮಾಡ್ಕೊಂಡು ಕುಡಿದು ಲೋಟ ತೊಳೀಬಹುದಿತ್ತು.”

ಎರಡು ಚಪ್ಪಾಳೆ ಹೊಡೆದೆ. ಟೀ ಬಂತು. ಆದರೆ ನಿರ್ದೇಶಕನಿಲ್ಲದ ನಾಟಕದಂತೆ ಇಡೀ ದಿನ ಪೇಲವ. ನೆರೆಮನೆಯವರು ಬಂದು, “ಏನು, ಯಜಮಾನರು ಊರಲ್ಲಿಲ್ವಾ?” ಎಂದು ಕೇಳಿದರು. ನಾನು ಎದುರಿಗೇ ಕೂತಿದ್ದೆ.

ನವೆಂಬರ್ 7, ಗುರುವಾರ

ಬೆಳಿಗ್ಗೆ ಆರಕ್ಕೆ ಲಾಯಕ್ಕೆ ಹೋದೆ. ಮೂವತ್ತೊಂದು ವರ್ಷ ಗೋಪುರದಿಂದ ಕುದುರೆಗಳ ಬೆನ್ನು ನೋಡಿದವನು ಕೆಳಗಿಳಿದು ಅವುಗಳ ಮುಖ ನೋಡಿದ್ದು ಕಡಿಮೆ. ಗುಬ್ಬಿಯನ್ನು ನೋಡಿಕೊಳ್ಳುವ ಮುದುಕನನ್ನು ಎಲ್ಲರೂ ಲಾಯದ ಮಾವ ಎನ್ನುತ್ತಾರೆ. ನನ್ನ ಸ್ಲೇಟು ನೋಡಿ, “ಏನಯ್ಯ, ಈ ವಯಸ್ಸಲ್ಲಿ ಶಾಲೆಗೆ ಸೇರಿದ್ಯಾ?” ಎಂದ. ಓದಲು ಬಾರದ ಪುಣ್ಯಾತ್ಮ. ಹೀಗಾಗಿ ಅವನ ಹತ್ತಿರ ನನಗೆ ಚಪ್ಪಾಳೆಯೇ ಗತಿ.

ಗುಬ್ಬಿ ಎನ್ನುವುದು ಲಾಯದ ಹೆಸರು. ಕಾಗದದಲ್ಲಿ ಅವಳು ‘ಸಿಡಿಲಮರಿ’. ಮೂರು ವರ್ಷದ ಹೆಣ್ಣು ಕುದುರೆ, ಕಂದು ಮೈ, ಉಳಿದವುಗಳಿಗಿಂತ ಒಂದು ಗೇಣು ಗಿಡ್ಡ. ಹಿಂದಿನ ಎಡಗಾಲು ಮಾತ್ರ ಮೊಣಕಾಲಿನವರೆಗೆ ಬೆಳ್ಳಗೆ, ಅಂಗಿಯ ತೋಳು ತೊಡಿಸಿದ ಹಾಗೆ.

ಆ ಕಾಲು ನನ್ನದು, ಸಭಿಕರೇ. ಇದನ್ನು ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತೇನೆ. ಅಪ್ಪನ ಕಂಪನಿಯಲ್ಲಿ ರಾಜ ಕುದುರೆಯ ಮೇಲೆ ಬರುವ ಒಂದು ದೃಶ್ಯ ಇತ್ತು. ಆ ಕುದುರೆ ಎಂದರೆ ಕಂದು ಕಂಬಳಿಯೊಳಗೆ ಇಬ್ಬರು: ಮುಂಗಾಲು ಅಣ್ಣ, ಹಿಂಗಾಲು ನಾನು. ನನಗಾಗ ಒಂಬತ್ತು, ಅವನಿಗೆ ಹದಿಮೂರು. ಒಂದು ದಿನ ಪ್ರವೇಶಕ್ಕೆ ನಿಮಿಷ ಮೊದಲು ನನ್ನ ಎಡಗಾಲಿನ ಕಂಬಳಿ ಮೊಳೆಗೆ ಸಿಕ್ಕಿ ಹರಿಯಿತು. ಅಪ್ಪ ಆಗಲೇ ರಂಗದ ಆ ಬದಿಯಲ್ಲಿ ಗುಡುಗುತ್ತಿದ್ದರು. ನಾನು ಅಳುವುದಕ್ಕೆ ಶುರುಮಾಡಿದೆ. ಅಣ್ಣ ತಾನು ತೊಟ್ಟಿದ್ದ ಬಿಳಿ ಅಂಗಿಯ ತೋಳನ್ನು ಒಂದೇ ಎಳೆತಕ್ಕೆ ಕಿತ್ತು ನನ್ನ ಕಾಲಿಗೆ ತೊಡಿಸಿದ. “ನಡಿ, ಒಂದು ಕಾಲು ಬೆಳ್ಳಗಿದ್ರೆ ಕುದುರೆ ಸತ್ತುಹೋಗಲ್ಲ” ಎಂದ. ಆ ದಿನ ಜನ ಕುದುರೆಗೇ ಹೆಚ್ಚು ಚಪ್ಪಾಳೆ ಹೊಡೆದರು. ಆಮೇಲೆ ಕಂಪನಿ ಮುಚ್ಚುವವರೆಗೂ ಆ ಬಿಳಿ ತೋಳು ಹಾಗೇ ಉಳಿಯಿತು. ಅಣ್ಣ ಹೋಗಿ ಆರು ವರ್ಷವಾಯಿತು. ಎರಡು ವರ್ಷದ ಹಿಂದೆ ಈ ಮರಿ ಲಾರಿಯಿಂದ ಇಳಿದಾಗ ಮೊದಲು ಕೆಳಗೆ ಬಂದದ್ದು ಆ ಕಾಲು.

ಅಂದಿನಿಂದ ನಾನು ಅವಳ ಕಡೆಯವನು. ಗೋಪುರದಲ್ಲಿ ನಿಂತವನು ಯಾರ ಕಡೆಯೂ ವಾಲಬಾರದು ಎಂಬ ನಿಯಮವನ್ನು ಮೂವತ್ತೊಂದು ವರ್ಷದಲ್ಲಿ ಅವಳೊಬ್ಬಳಿಗಾಗಿ ಮುರಿದಿದ್ದೇನೆ.

ಲಾಯದಲ್ಲಿ ಅವಳು ನನ್ನ ಜೇಬು ಮೂಸಿದಳು, ಸ್ಲೇಟು ನೆಕ್ಕಿದಳು, ಬರೆದದ್ದೆಲ್ಲ ಅಳಿಸಿದಳು. ಒಳ್ಳೆಯ ವಿಮರ್ಶಕಿ.

ನವೆಂಬರ್ 9, ಶನಿವಾರ

ನನ್ನ ಜಾಗದಲ್ಲಿ ತೂಕದಯ್ಯನನ್ನು ಗೋಪುರಕ್ಕೆ ಹತ್ತಿಸಿದ್ದಾರೆ. ರೇಸಿಗೆ ಮೊದಲು ಮತ್ತು ಆಮೇಲೆ ಜಾಕಿಗಳನ್ನು ತಕ್ಕಡಿಯ ಮೇಲೆ ಕೂರಿಸಿ ತೂಗುವವನು ಅವನು. ಇಪ್ಪತ್ತು ವರ್ಷ “ಐವತ್ತೆರಡೂವರೆ, ಮುಂದಿನವರು” ಎಂದು ಹೇಳಿ ಹೇಳಿ ಅವನ ದನಿ ತಕ್ಕಡಿಯ ಮುಳ್ಳಿನಂತೆ ನಡುವಿನಲ್ಲೇ ನಿಂತುಬಿಟ್ಟಿದೆ. ಇವತ್ತು ಅವನು ಸಾರಿದ್ದು ಹೀಗೆ:

“ಕುದುರೆಗಳು ಹೊರಟಿವೆ. ಐದು ಮುಂದೆ ಇದೆ. ಐದು ಇನ್ನೂ ಮುಂದೇ ಇದೆ. ಈಗ ಮೂರು ಮುಂದೆ ಇದೆ. ಮುಗಿಯಿತು.”

ಜನ ಗೋಪುರದ ಕಡೆ ತಿರುಗಿ ನೋಡಿದರು. ಪಕ್ಕದಲ್ಲಿದ್ದವನೊಬ್ಬ, “ಇದೇನು, ಬಸ್ ನಿಲ್ದಾಣವಾ?” ಎಂದ. ನನ್ನ ಎದೆಯಲ್ಲಿ ಎಷ್ಟು ಸಂತೋಷವಾಯಿತೆಂದರೆ, ಬರೆಯಲು ನಾಚಿಕೆ. ಮೂರು ಸಲ ಕೆಮ್ಮು ಬಂತು. ಯೋಚನೆ ಮಾಡಿಯೇ ಕೆಮ್ಮಿದೆ.

ನವೆಂಬರ್ 12, ಮಂಗಳವಾರ

ಮನೆಯಾಕೆ ಜಾಕಿಗಳ ಬಣ್ಣದ ಅಂಗಿ ಹೊಲಿಯುವವಳು. ಒಂದೊಂದು ಲಾಯಕ್ಕೆ ಒಂದೊಂದು ಬಣ್ಣ. ಪಟ್ಟೆ, ಚುಕ್ಕೆ, ಅಡ್ಡಪಟ್ಟಿ. ಅವಳ ಹೊಲಿಗೆ ಯಂತ್ರ ಹಿಂದಿನ ಕೋಣೆಯಲ್ಲಿದೆ. ಆ ಕೋಣೆಯಲ್ಲಿ ಇಷ್ಟು ಹೊತ್ತು ನಾನು ಎಂದೂ ಕೂತಿರಲಿಲ್ಲ. ಇವತ್ತು ಮಾಡಲು ಬೇರೆ ಕೆಲಸವಿಲ್ಲದೆ ಗುಂಡಿಗಳ ಡಬ್ಬಿ ವಿಂಗಡಿಸುತ್ತ ಕೂತೆ.

ಅವಳು ಯಂತ್ರ ತುಳಿಯುತ್ತ ತನ್ನಷ್ಟಕ್ಕೆ ಹೇಳಿದಳು: “ಶಾಲೆಯಲ್ಲಿ ಓಟದ ಪಂದ್ಯ ಇದ್ದಾಗ ನಾನು ಬರಿಗಾಲಲ್ಲಿ ಓಡಿ ಮೊದಲು ಬಂದಿದ್ದೆ. ಎರಡು ವರ್ಷ. ಎರಡನೇ ವರ್ಷ ಹುಡುಗರ ಜೊತೆ ಓಡಿಸಿದ್ರು, ಆಗಲೂ.”

ನಾನು ಸ್ಲೇಟು ತೆಗೆದೆ. ‘ಮೂವತ್ತು ವರ್ಷದಲ್ಲಿ ಇದನ್ನು ಹೇಳಲೇ ಇಲ್ಲವಲ್ಲೇ?’

“ಹೇಳೋಕೆ ಶುರು ಮಾಡಿದ್ದೆ. ನೀವು ನಡುವೆ ನಿಮ್ಮ ಕಂಪನಿ ಕಥೆ ತಂದ್ರಿ.”

‘ಯಾವಾಗ?’

“ಮದುವೆಯಾದ ಮೂರನೇ ದಿನ.”

ನೀಲಿ ಗುಂಡಿ ಒಂದು ಕಡೆ, ಬಿಳಿ ಗುಂಡಿ ಒಂದು ಕಡೆ ಹಾಕಿದೆ. ಅವಳು ಮುಂದುವರಿಸಿದಳು. ಒಂದು ಗಂಟೆಯಾಯಿತು. ಹುಡುಗರ ಜೊತೆ ಓಡಿದ ಆ ಪಂದ್ಯದ ಕಥೆಗೆ ಒಳ್ಳೆಯ ಬಿಗಿ ಇದೆ; ರಂಗಕ್ಕೆ ತರಬಹುದು.

ನವೆಂಬರ್ 15, ಶುಕ್ರವಾರ

ಗುಬ್ಬಿಯ ತರಬೇತುದಾರ ತಲೆ ಮೇಲೆ ಕೈ ಹೊತ್ತು ಕೂತಿದ್ದಾನೆ. ಬೆಳಗಿನ ಅಭ್ಯಾಸದಲ್ಲಿ ಅವಳು ಗೇಟಿನೊಳಗೆ ಹತ್ತು ಸಲ ಹೋದಳು, ಹತ್ತು ಸಲ ಬಂದಳು. ನಾನೇ ಬೇಲಿಯ ಹತ್ತಿರ ನಿಂತು ಎಣಿಸಿದೆ.

“ನೋಡಿದ್ರಲ್ಲ ಸ್ವಾಮಿ. ಈಗ ಎಷ್ಟು ಸಾಧು. ರೇಸ್ ದಿನ ಮಾತ್ರ ಮದುವೆಮನೆಯಲ್ಲಿ ಮುನಿಸಿಕೊಂಡ ಅತ್ತೆ ಥರ ನಿಂತುಬಿಡ್ತಾಳೆ. ಏನು ಕೊರತೆಯಾಯ್ತು ಅಂತಾನೂ ಹೇಳಲ್ಲ.”

ನಾನು ಸ್ಲೇಟಿನಲ್ಲಿ ನನ್ನ ಸಿದ್ಧಾಂತ ಮಂಡಿಸಿದೆ: ಜಾಕಿಯ ಅಂಗಿಯ ಹಳದಿ ಬಣ್ಣ. ಅಭ್ಯಾಸದ ದಿನ ಜಾಕಿ ಮಾಮೂಲಿ ಅಂಗಿ ತೊಡುತ್ತಾನೆ, ರೇಸಿನ ದಿನ ಕಣ್ಣು ಕುಕ್ಕುವ ಹಳದಿ.

“ಕುದುರೆ ಮೇಲೆ ಕೂತವನ ಅಂಗಿ ಕುದುರೆಗೆ ಹೇಗೆ ಕಾಣುತ್ತೆ ಸ್ವಾಮಿ?”

ಲಾಯದ ಮಾವ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕ. ನಾನು ಸ್ಲೇಟು ಒರೆಸಿದೆ. ಆದರೂ ಹಳದಿಯ ಮೇಲೆ ನನ್ನ ಅನುಮಾನ ಹೋಗಿಲ್ಲ.

ನವೆಂಬರ್ 16, ಶನಿವಾರ

ಅದೇ ಹಳದಿ ಅಂಗಿ ತೋಳು ಬಿಗಿಮಾಡಲು ಮನೆಗೆ ಬಂದಿತ್ತು. ಮನೆಯಾಕೆಯ ಮುಂದೆ ನನ್ನ ಸಿದ್ಧಾಂತವನ್ನು ಬರೆದು ಹಿಡಿದೆ. ಅವಳು ಹಲ್ಲಿನಲ್ಲಿ ದಾರ ಕಡಿದು ಹೇಳಿದಳು:

“ಅಂಗಿ ಅಲ್ಲ ರೀ. ನಿಮ್ಮ ದನಿ.”

ನಾನು ಎರಡು ಚಪ್ಪಾಳೆ ಹೊಡೆದೆ.

“ಚಪ್ಪಾಳೆ ಹೊಡೆದ್ರೆ ಆಗಲ್ಲ. ಇದನ್ನ ತೊಡೋ ಜಾಕಿನೇ ಹೇಳಿದ್ದು. ಗೇಟಿನ ಹತ್ತಿರ ಒಂದು ಸ್ಪೀಕರ್ ಕಂಬ ಇದೆಯಂತಲ್ಲ, ಅವಳು ಅಲ್ಲಿಗೆ ಬರೋ ಹೊತ್ತಿಗೆ ಸರಿಯಾಗಿ ನೀವು ಗುಡುಗ್ತೀರಂತೆ. ಜೀನಿನ ಕೆಳಗೆ ಅವಳ ಮೈ ನಡುಗೋದು ಅವನ ತೊಡೆಗೆ ಗೊತ್ತಾಗುತ್ತಂತೆ. ಅಕ್ಟೋಬರಿನಲ್ಲೇ ನಿಮಗೆ ಹೇಳಿದ್ದೆ.”

‘ಹೇಳಿಲ್ಲ.’

“ಹೇಳಿದ್ದೆ. ನೀವು ಆಗ ಊಟ ಮಾಡ್ತಾ, ಅವಳು ಗೆದ್ದ ದಿನ ಹೇಗೆ ಸಾರ್ತೀನಿ ಅಂತ ನನಗೆ ಮಾಡಿ ತೋರಿಸ್ತಿದ್ರಿ.”

ನವೆಂಬರ್ 17, ಭಾನುವಾರ

ಸುಳ್ಳು. ಸೋತ ಜಾಕಿಗೆ ಒಂದು ನೆಪ ಬೇಕು. ಇವತ್ತು ಬರೆಯುವುದಿಲ್ಲ.

ನವೆಂಬರ್ 19, ಮಂಗಳವಾರ

ಮಹಾಜನರೇ, ನೀವೇ ತೀರ್ಪು ಕೊಡಿ. ಮೂವತ್ತೊಂದು ವರ್ಷದಲ್ಲಿ ಸಾವಿರಾರು ಕುದುರೆಗಳು ನನ್ನ ದನಿಯ ಕೆಳಗೆ ಓಡಿವೆ. ಒಂದಾದರೂ ತಕರಾರು ಮಾಡಿದೆಯೇ? ಇಲ್ಲ. ಹಾಗಿರುವಾಗ ಇವಳೊಬ್ಬಳಿಗೆ ಯಾಕೆ?

ಈ ವಾದವನ್ನು ಗುಂಡಿಯ ಡಬ್ಬಿಯ ಮುಂದೆ ಕೂತು ಮನಸ್ಸಿನಲ್ಲೇ ಮಂಡಿಸುತ್ತಿದ್ದಾಗ ಒಂದು ಮಾತು ನೆನಪಿಗೆ ಬಂದು ಕೈಯಲ್ಲಿದ್ದ ಗುಂಡಿ ಅಲ್ಲೇ ನಿಂತಿತು. ಬೇರೆ ಕುದುರೆಗಳು ಗೇಟಿಗೆ ಬರುವಾಗ ನಾನು ಸಾರುವುದು ನಂಬರು, ಹೆಸರು, ಅಷ್ಟೇ. ಇವಳಿಗೆ ಮಾತ್ರ ರಂಗಪ್ರವೇಶ ಮಾಡಿಸುತ್ತಿದ್ದೆ. ಅಪ್ಪನ ಧಾಟಿಯಲ್ಲಿ, ಹೊಟ್ಟೆಯಿಂದ ಉಸಿರೆಳೆದು, ‘ಇಗೋ ಬರುತ್ತಿದ್ದಾಳೆ, ದಾರಿ ಬಿಡಿ, ದಿಕ್ಕು ನಡುಗಿಸುವ ಸಿಡಿಲಮರಿ’ ಎಂದು. ಎರಡೂ ಸಲ. ಪ್ರೀತಿಯಿಂದ. ಅವಳಿಗೆ ಹುರುಪು ಬರಲಿ ಎಂದು.

ದಿಕ್ಕು ನಡುಗಿತೋ ಇಲ್ಲವೋ.

ಇದೊಂದು ಪುರಾವೆ ಅಲ್ಲ. ಪುರಾವೆ ಬೇಕು.

ನವೆಂಬರ್ 21, ಗುರುವಾರ

ಪುರಾವೆ ಸಿಕ್ಕಿತು.

ನಾನು ಸಾರಿದ ಅಕ್ಟೋಬರ್ ರೇಸು ಮೊಬೈಲಿನಲ್ಲಿ ಇದೆ. ಲಾಯದ ಮಾವನ ಕೈಗೆ ಮೊಬೈಲು ಕೊಟ್ಟು, ಒತ್ತಬೇಕಾದ ಜಾಗ ತೋರಿಸಿ, ಲಾಯದ ಬಾಗಿಲಿನ ಆಚೆ ನಿಲ್ಲಿಸಿದೆ. ಗುಬ್ಬಿ ಗಲ್ಲವನ್ನು ನನ್ನ ಭುಜದ ಮೇಲೆ ಇಟ್ಟು ಅರೆಗಣ್ಣು ಮುಚ್ಚಿದ್ದಳು. ಅವಳ ಬಿಸಿ ಉಸಿರು ಕುತ್ತಿಗೆಗೆ ತಾಗುತ್ತಿತ್ತು. ಕೈ ಎತ್ತಿ ಸನ್ನೆ ಮಾಡಿದೆ.

‘ಇಗೋ ಬರುತ್ತಿದ್ದಾಳೆ’ ಎನ್ನುವಷ್ಟೇ ಬಂತು. ಅಂಗೈಯಗಲದ ಡಬ್ಬಿಯಿಂದ, ಸೊಳ್ಳೆಯಷ್ಟು ದನಿಯಲ್ಲಿ. ಅವಳ ಕಿವಿಗಳು ತಲೆಗೆ ಅಂಟಿಕೊಂಡವು. ಹಿಂದೆ ನೆಗೆದಳು, ನೀರಿನ ಬಕೆಟು ಉರುಳಿತು, ಮೂಲೆಗೆ ಬೆನ್ನು ಕೊಟ್ಟು ನಿಂತಳು. ಕಣ್ಣಿನ ಬಿಳಿ ಕಾಣುತ್ತಿತ್ತು. ಹೊಟ್ಟೆಯ ಚರ್ಮ ಅಲೆ ಅಲೆಯಾಗಿ ನಡುಗುತ್ತಿತ್ತು.

“ನಿಲ್ಲಿಸ್ಲಾ?” ಎಂದ ಮಾವ. ಒಂದು ಚಪ್ಪಾಳೆ ಹೊಡೆಯಲೂ ಧೈರ್ಯ ಬರಲಿಲ್ಲ. ತಲೆ ಆಡಿಸಿದೆ. ಅವನಿಗೆ ನಿಲ್ಲಿಸುವುದು ಗೊತ್ತಾಗದೆ ಮೊಬೈಲನ್ನು ಹುಲ್ಲಿನ ಮೂಟೆಯೊಳಗೆ ಹೂತ. ಅಲ್ಲಿಂದಲೂ ನಾನು ಗುಡುಗುತ್ತಲೇ ಇದ್ದೆ.

ಆಮೇಲೆ ನಡೆದದ್ದು ಇದು. ನೆಲದ ನೀರು ಆರುವವರೆಗೆ ನಾನು ಅಲ್ಲಾಡದೆ ನಿಂತೆ. ಗುಬ್ಬಿ ಒಂದೊಂದೇ ಹೆಜ್ಜೆ ಇಟ್ಟು ಮೂಲೆಯಿಂದ ಬಂದು, ಧೈರ್ಯಕ್ಕಾಗಿ ನನ್ನ ಹತ್ತಿರವೇ ಬಂದು, ನನ್ನ ಅಂಗಿಯೊಳಗೆ ಮೂತಿ ತುರುಕಿದಳು. ಆ ರಾಕ್ಷಸನೂ ಈ ಮೂಕನೂ ಒಬ್ಬನೇ ಎಂದು ಅವಳಿಗೆ ಗೊತ್ತಿಲ್ಲ.

ಮಾವ ಬಕೆಟು ಎತ್ತಿಟ್ಟು, “ಬಿಡಯ್ಯ. ನನ್ನ ಹೆಂಡ್ತಿ ಕೂಡ ಮೊದಮೊದಲು ನನ್ನ ಗೊರಕೆಗೆ ಹೆದರಿಕೊಂಡಿದ್ಲು” ಎಂದ. ಬಕೆಟಿಗೆ ನೀರು ಹೊಯ್ದು, “ಆಮೇಲೂ ಹೆದರ್ತಿದ್ಲು” ಎಂದ.

ನವೆಂಬರ್ 22, ಶುಕ್ರವಾರ

ಸ್ಲೇಟಿನಲ್ಲಿ ಬರೆದೆ: ‘ನೀನು ಹೇಳಿದ್ದು ನಿಜ.’

ಮನೆಯಾಕೆ ಓದಿದಳು. ಒರೆಸಲಿಲ್ಲ. ಹೊಲಿಗೆ ಯಂತ್ರದ ಪಕ್ಕ ಗೋಡೆಗೆ ಒರಗಿಸಿ ಇಟ್ಟುಕೊಂಡಳು. ನನಗೆ ಬೇರೆ ಸ್ಲೇಟು ಕೊಳ್ಳಬೇಕಾಯಿತು.

ನವೆಂಬರ್ 27, ಬುಧವಾರ

ದಿನವೂ ಲಾಯ. ಗೊರಸು ಕೆರೆಯುವುದನ್ನು ಮಾವ ಕಲಿಸಿದ್ದಾನೆ. ಮೈ ಉಜ್ಜುವಾಗ ಗುಬ್ಬಿಯ ಹೊಟ್ಟೆಯೊಳಗಿನ ಗುಳುಗುಳು ಕೇಳುತ್ತದೆ. ಅವಳು ಮೇವು ಅಗಿಯುವುದಕ್ಕೆ ಒಂದು ತಾಳ ಇದೆ. ಏಳು ಸಲ ಅಗಿದು ಒಂದು ಸಲ ನಿಲ್ಲಿಸುತ್ತಾಳೆ. ದೂರದಲ್ಲಿ ಯಾವ ಬಾಗಿಲು ತೆರೆಯಿತು ಎಂದು ಕಿವಿ ತಿರುಗಿಸಿ ಹೇಳುತ್ತಾಳೆ. ಈಗ ನನಗೂ ಸ್ವಲ್ಪ ಗೊತ್ತಾಗುತ್ತದೆ.

ಮನೆಯಾಕೆ ಸಂಜೆ ತನ್ನ ತಂಗಿಯ ಜಗಳದ ಕಥೆ ಪೂರ್ತಿ ಹೇಳಿದಳು. ತಂಗಿಯದೇ ತಪ್ಪು.

ನವೆಂಬರ್ 30, ಶನಿವಾರ

ತೂಕದಯ್ಯ ಮನೆಗೆ ಬಂದಿದ್ದ. ಕುರ್ಚಿಯ ತುದಿಯಲ್ಲಿ ಕೂತ.

“ಸ್ವಾಮಿ, ಜನ ನಗ್ತಿದ್ದಾರೆ. ನನ್ನ ಮಗಳೇ ಮನೆಯಲ್ಲಿ ‘ಸಾರು ಬಂತು, ಸಾರು ಇನ್ನೂ ಮುಂದೆ ಇದೆ’ ಅಂತ ಅಣಕಿಸ್ತಾಳೆ. ಸ್ವಲ್ಪ ಏರಿಳಿತ ಹೇಳಿಕೊಡಿ. ನಿಮ್ಮ ಹಾಗೆ ಬೇಡ, ಅದರ ಕಾಲು ಭಾಗ ಬಂದ್ರೆ ಸಾಕು.”

ಸಭಿಕರೇ, ಮೂವತ್ತೊಂದು ವರ್ಷ ನಾನು ಕಾದದ್ದು ಇಂಥ ಒಬ್ಬ ಶಿಷ್ಯನಿಗೆ. ಸ್ಲೇಟು ತೆಗೆದುಕೊಂಡೆ. ಬರೆದೆ: ‘ಏನೂ ಬದಲಿಸಬೇಡಿ. ಏಳನೇ ತಾರೀಖಿನವರೆಗೆ ಖಂಡಿತ ಬೇಡ.’

ಅವನು ಎರಡು ಸಲ ಓದಿದ. “ಹೊಗಳಿದ್ರೋ ಬೈದ್ರೋ ಗೊತ್ತಾಗಲಿಲ್ಲ” ಎಂದ.

ಮನೆಯಾಕೆ ಒಳಗಿನಿಂದ, “ಹೊಗಳಿದ್ದು ಕಣಪ್ಪ. ಟೀ ಕುಡಿದು ಹೋಗು” ಎಂದಳು.

ಡಿಸೆಂಬರ್ 6, ಶುಕ್ರವಾರ

ಡಾಕ್ಟರಮ್ಮ ಮತ್ತೆ ದಾರ ಇಳಿಸಿದರು. ಗಂಟು ಕರಗಿದೆ. “ಆ ಅನ್ನಿ” ಎಂದರು. ಅಂದೆ. ನನ್ನದೇ ದನಿ, ಆದರೆ ಯಾರೋ ಪಕ್ಕದ ಕೋಣೆಯಿಂದ ಕರೆದಂತೆ. “ನಾಳೆಯಿಂದ ದಿನಕ್ಕೆ ಐದು ನಿಮಿಷ ಮಾತ್ರ, ಮೆಲುದನಿಯಲ್ಲಿ. ಕೂಗೋ ಹಾಗಿಲ್ಲ. ವಾರ ವಾರ ಹೆಚ್ಚಿಸೋಣ.”

ಬಸ್ಸಿನಲ್ಲಿ ಬರುವಾಗ ಮನೆಯಾಕೆ ಹೊಸ ಬಟ್ಟೆಯ ಅಂಗಡಿಯವನ ಲೆಕ್ಕಾಚಾರ ವಿವರಿಸುತ್ತಿದ್ದಳು. ನಡುವೆ ಬಾಯಿ ಹಾಕಲಿಲ್ಲ.

ಮನೆ ಬಾಗಿಲಲ್ಲಿ ರೇಸ್ ಕೋರ್ಸಿನ ಮ್ಯಾನೇಜರ್ ನಿಂತಿದ್ದರು. ಸುದ್ದಿ ಅವರಿಗೆ ಆಗಲೇ ಮುಟ್ಟಿತ್ತು.

“ಐದು ನಿಮಿಷ ಅಂದ್ರಂತೆ? ಸಾಕಲ್ಲ. ಒಂದು ರೇಸು ಎಷ್ಟು? ಒಂದೂವರೆ ನಿಮಿಷ. ನಾಳೆ ಎರಡನೇ ರೇಸು ಮಾತ್ರ ನೀವು ಹೇಳಿ. ನಿಮ್ಮ ಮುದ್ದಿನ ಗುಬ್ಬಿ ಓಡೋದು. ಮೆಲ್ಲಗೆ ಹೇಳಿದ್ರೂ ಮೈಕು ಇದೆ, ನಾವು ಜೋರು ಮಾಡ್ತೀವಿ. ಜನ ನಿಮ್ಮನ್ನೇ ಕೇಳ್ತಿದ್ದಾರೆ.”

ಆ ರೇಸು. ಎರಡು ವರ್ಷದಿಂದ ಕನ್ನಡಿಯ ಮುಂದೆ, ಸ್ನಾನದ ಮನೆಯಲ್ಲಿ, ಗೋಪುರದ ಮೆಟ್ಟಿಲಲ್ಲಿ ನಾನು ಸಾರಿ ಸಾರಿ ತಯಾರು ಮಾಡಿದ ರೇಸು. ಕೊನೆಯ ತಿರುವಿನಿಂದ ಗೆರೆಯವರೆಗಿನ ಮಾತುಗಳು ಒಂದಕ್ಷರ ಬಿಡದೆ ಬಾಯಿಪಾಠ ಇವೆ. ಮೆಲುದನಿಯಲ್ಲೇ ಹೇಳಬಹುದಿತ್ತು, ಪ್ರವೇಶದ ಮಾತು ಬಿಡಬಹುದಿತ್ತು, ಬರೀ ನಂಬರು ಹೇಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನನ್ನನ್ನು ನಾನು ಬಲ್ಲೆ, ಮಹಾಜನರೇ. ಕೈಗೆ ಮೈಕು ಕೊಟ್ಟು, ಎದುರಿಗೆ ಅವಳನ್ನು ತಂದು ನಿಲ್ಲಿಸಿದರೆ ನನ್ನ ಹೊಟ್ಟೆ ತಾನಾಗಿ ಉಸಿರೆಳೆಯುತ್ತದೆ.

ಸ್ಲೇಟಿನಲ್ಲಿ ಬರೆದೆ: ‘ಗಂಟಲು ಇನ್ನೂ ಪೂರ್ತಿ ಸರಿಯಿಲ್ಲ. ತೂಕದಯ್ಯನವರೇ ಹೇಳಲಿ.’

ಮ್ಯಾನೇಜರ್ ಮನೆಯಾಕೆಯ ಕಡೆ ನೋಡಿದರು. ಅವಳು ನನ್ನ ಕಡೆ ನೋಡಿ, ಆಮೇಲೆ ಅವರ ಕಡೆ ತಿರುಗಿ, “ಹೌದು, ಕೆಟ್ಟುಹೋಗಿದೆ. ರಾತ್ರಿಯೆಲ್ಲ ಕೆಮ್ಮು” ಎಂದಳು. ನನಗೆ ಕೆಮ್ಮು ಬಂದೇ ಹದಿನೈದು ದಿನವಾಯಿತು. ಇವಳಿಗೆ ಇಷ್ಟು ಸೊಗಸಾಗಿ ಅಭಿನಯ ಬರುತ್ತದೆಂದು ಇವತ್ತೇ ತಿಳಿದದ್ದು.

ಡಿಸೆಂಬರ್ 7, ಶನಿವಾರ

ಗೋಪುರ ಬಿಟ್ಟು ಜನರ ನಡುವೆ ಬೇಲಿಗೆ ಒರಗಿ ನಿಂತೆ. ಮನೆಯಾಕೆ ಪಕ್ಕದಲ್ಲಿ. ಕೆಳಗಿನಿಂದ ನೋಡಿದರೆ ಮೈದಾನ ಬೇರೆಯೇ. ಕುದುರೆಗಳು ಹತ್ತಿರ ಬಂದಾಗ ನೆಲ ಅಂಗಾಲಿಗೆ ಸುದ್ದಿ ಕೊಡುತ್ತದೆ.

ಗೇಟು ಎದುರು ಬದಿಯಲ್ಲಿ, ದೂರ. ದುರ್ಬೀನು ನನ್ನ ಕೈಯಲ್ಲಿತ್ತು. ಮನೆಯಾಕೆ ಕಿತ್ತುಕೊಂಡಳು.

ಗುಬ್ಬಿ ಏಳನೇ ನಂಬರು. ತೂಕದಯ್ಯ ಶುರು ಮಾಡಿದ:

“ಎಂಟು ಕುದುರೆ. ಗೇಟಿಗೆ ಹೋಗುತ್ತಿವೆ. ಒಂದು ಹೋಯಿತು. ಎರಡು ಹೋಯಿತು. ನಾಲ್ಕು ಹೋಯಿತು. ಮೂರು ಹೋಯಿತು.”

“ನಿಂತಳು ರೀ” ಎಂದಳು ಮನೆಯಾಕೆ.

ನಾನು ಬೇಲಿಯ ಕಂಬಿ ಹಿಡಿದೆ.

“ಸ್ಪೀಕರ್ ಕಂಬದ ಹತ್ತಿರಾನೇ. ಕಿವಿ ಆ ಕಡೆ ತಿರುಗಿಸಿದ್ದಾಳೆ. ಕಾಯ್ತಿದ್ದಾಳೆ.”

ಗುಡುಗು ಎಲ್ಲಿ ಎಂದು ಕಾಯುತ್ತಿದ್ದಳು. ಎರಡು ಸಲ ಆ ಜಾಗದಲ್ಲಿ ಅವಳ ಮೇಲೆ ಬಿದ್ದದ್ದು ಇನ್ನೊಮ್ಮೆ ಬೀಳಬೇಕಲ್ಲ. ಗೋಪುರದ ಹದಿನಾರು ಬಾಯಿಗಳಲ್ಲಿ ತೂಕದಯ್ಯನ ದನಿ, ಹಿಟ್ಟಿನ ಮೂಟೆ ತೂಗುವಂತೆ, ಬಂತು: “ಆರು ಹೋಯಿತು. ಎಂಟು ಹೋಯಿತು.” ಒಂದು ಗುಟುಕು ನೀರು ಕುಡಿದ ಸದ್ದು. “ಐದು ಹೋಯಿತು.”

ಮನೆಯಾಕೆ ದುರ್ಬೀನನ್ನು ಕಣ್ಣಿಗೆ ಒತ್ತಿ ಹಿಡಿದಳು. ನಾನು ಅವಳ ತೋಳು ಅಲುಗಿಸಿದೆ. ಅವಳು ನನ್ನ ಕೈ ಕೊಡವಿದಳು.

“ಏಳು” ಎಂದವು ಸ್ಪೀಕರುಗಳು. ತಕ್ಕಡಿಯ ಮುಳ್ಳು ನಿಲ್ಲುವಷ್ಟು ಹೊತ್ತು. “ಹೋಯಿತು.”

ಮೂವತ್ತೊಂದು ವರ್ಷ ನಾನು ಆ ಗೋಪುರದಿಂದ ಎಸೆದ ಮಾತುಗಳಲ್ಲಿ ಇಷ್ಟು ಚೆಂದದ್ದು ಒಂದೂ ಇರಲಿಲ್ಲ. ಯಾವ ಏರೂ ಇಲ್ಲ, ಯಾವ ಇಳಿವೂ ಇಲ್ಲ.

ಓಟದ ಬಗ್ಗೆ ಹೆಚ್ಚು ಬರೆಯಲಾರೆ. ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ಗೇಟು ತೆರೆದ ಸದ್ದು, ಆಮೇಲೆ ಸ್ವಲ್ಪ ಹೊತ್ತು ಗಾಳಿ ಮಾತ್ರ, ಆಮೇಲೆ ಬಲಗಡೆಯಿಂದ ನಿಧಾನವಾಗಿ ಏರುತ್ತಾ ಬಂದ ಗೊರಸು. ತಿರುವಿನಲ್ಲಿ ಅವಳು ಕೊನೆಯಿಂದ ಎರಡನೆಯವಳು. ನನ್ನ ಪಕ್ಕದಲ್ಲಿ ಯಾರೋ ಕೂಗಿದರು, “ಓಡೇ ಗುಬ್ಬಿ, ಹೊರಗಿಂದ ಬಾ, ಹೊರಗಿಂದ.” ಏನು ಕಂಠ. ಮೂರು ಸಾಲು ಹಿಂದಿನವರೂ ತಿರುಗಿ ನೋಡಿದರು. ನಾನೂ ನೋಡಿದೆ. ಮನೆಯಾಕೆ. ಒಂದು ಚಪ್ಪಲಿ ಕಳಚಿಹೋಗಿತ್ತು, ಮುಷ್ಟಿ ಬಿಗಿದಿತ್ತು, ಅವಳೇ ಓಡುತ್ತಿದ್ದಳು.

ಗುಬ್ಬಿ ಉಳಿದವುಗಳನ್ನು ಬಳಸಿ ಹೊರಗಿನಿಂದಲೇ ಬಂದಳು. ಕಂದು ಮೈಗಳ ಗುಂಪಿನಲ್ಲಿ ಆ ಒಂದು ಬಿಳಿ ಕಾಲು ಏಳುತ್ತ ಬೀಳುತ್ತ ಹೋದದ್ದು ಮಾತ್ರ ನನಗೆ ಕಂಡಿತು. ಮೂರನೆಯವಳಾಗಿ ಗೆರೆ ದಾಟಿದಳು. ತೂಕದಯ್ಯ, “ಮುಗಿಯಿತು” ಎಂದ.

ತರಬೇತುದಾರ ಬೇಲಿ ಹಾರಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡ. “ಜನವರಿಗೆ ಮತ್ತೆ ಓಡಿಸ್ತೀನಿ ಸ್ವಾಮಿ. ಇನ್ನು ಅವಳ ಹೆಸರು ಯಾರೂ ಹೊಡೆಯೋ ಹಾಗಿಲ್ಲ. ಒಳಗೆ ಹೇಗೆ ಹೋದಳೋ, ಆ ದೇವರಿಗೇ ಗೊತ್ತು.” ಜಾಕಿ ಇಳಿದವನು ಮನೆಯಾಕೆಯ ಕಡೆ ನೋಡಿ ಕಣ್ಣು ಮಿಟುಕಿಸಿದ. ಲಾಯದ ಮಾವ ಗುಬ್ಬಿಯ ಬೆವರು ಒರೆಸುತ್ತ ನನಗೆ ಕೇಳುವಂತೆ, “ಇನ್ನೂ ಎರಡು ಸಲ ಇವನ ಬಾಯಿ ಕಟ್ಟಿಹಾಕಿದ್ರೆ ಮೊದಲು ಬರ್ತಾಳೆ” ಎಂದ.

ಮನೆಗೆ ಬಂದ ಮೇಲೆ ಮನೆಯಾಕೆ ಕಾಲು ಚಾಚಿ ಕೂತು ರೇಸನ್ನು ಮೊದಲಿನಿಂದ ಹೇಳಿದಳು, ನಾನು ಅಲ್ಲಿ ಇರಲೇ ಇಲ್ಲವೇನೋ ಎಂಬಂತೆ. ಚೆನ್ನಾಗಿ ಹೇಳುತ್ತಾಳೆ. ತಿರುವಿನ ಹತ್ತಿರ ಬಂದಾಗ ತಟ್ಟನೆ ನಿಲ್ಲಿಸಿದಳು.

“ರೀ, ಡಾಕ್ಟ್ರು ‘ನಾಳೆಯಿಂದ’ ಅಂದಿದ್ದು ನಿನ್ನೆ. ಇವತ್ತಿನ ಐದು ನಿಮಿಷ ಹಾಗೇ ಉಳಿದಿದೆ. ಏನಾದ್ರೂ ಮಾತಾಡಿ.”

ಸ್ಲೇಟಿನಲ್ಲಿ ಬರೆದೆ: ‘ಮೊದಲು ನೀನು ತಿರುವು ಮುಗಿಸು.’

ಮುಗಿಸಿದಳು. ಊಟವಾಯಿತು. ಇವತ್ತಿನ ಐದು ನಿಮಿಷ ಖರ್ಚಾಗಲಿಲ್ಲ. ಅದೇನೂ ಕೂಡಿಟ್ಟು ಬಳಸುವ ವಸ್ತುವಲ್ಲವಂತೆ, ಇರಲಿ.

ನಾಳೆ ಬೆಳಿಗ್ಗೆ ಐದೂವರೆಗೆ ಏಳುತ್ತೇನೆ. ಮನೆಯಾಕೆ ತಾನೂ ಬರುತ್ತೇನೆಂದಿದ್ದಾಳೆ, ಇಬ್ಬರೂ ನಡೆದೇ ಲಾಯಕ್ಕೆ ಹೋಗುತ್ತೇವೆ. ಅವಳನ್ನೂ ಮಾವನನ್ನೂ ಬಾಗಿಲ ಹೊರಗೆ ನಿಲ್ಲಿಸಿ ಒಳಗೆ ಹೋಗಿ, ಗುಬ್ಬಿ ಮೇವು ಮುಗಿಸುವವರೆಗೆ ಸುಮ್ಮನೆ ನಿಲ್ಲುತ್ತೇನೆ. ಅವಳಾಗಿ ಬಂದು ಭುಜದ ಮೇಲೆ ಗಲ್ಲ ಇಟ್ಟಮೇಲೆ, ಅವಳೊಬ್ಬಳಿಗೆ ಕೇಳುವಷ್ಟು ಮೆಲ್ಲಗೆ, ಅವಳ ಹೆಸರು ಹೇಳುತ್ತೇನೆ. ಸಿಡಿಲಮರಿ ಅಲ್ಲ, ಗುಬ್ಬಿ ಎಂದು. ಬೆಚ್ಚಿ ಹಿಂದೆ ಸರಿದರೆ ಬಾಯಿ ಮುಚ್ಚಿಕೊಂಡು, ಅವಳು ಮತ್ತೆ ಹತ್ತಿರ ಬರುವವರೆಗೆ ಅಲ್ಲೇ ನಿಂತಿರುತ್ತೇನೆ.